ಲ್ಯಾಪ್‌ಟಾಪ್ ಬಲ್ಲ ನೆಂಟ

ಲ್ಯಾಪ್‌ಟಾಪ್ ಬಲ್ಲ ನೆಂಟ ಎಂದರೆ, ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಕಾದ ಮನೆಯವರು ಮೊಟ್ಟಮೊದಲು ಫೋನ್ ಮಾಡುವ ವ್ಯಕ್ತಿ. ವಯಸ್ಸು ಇಪ್ಪತ್ತೆಂಟರಿಂದ ನಲವತ್ತರೊಳಗೆ. ವಾಸ ಬೆಂಗಳೂರು. ಉದ್ಯೋಗ ‘ಸಾಫ್ಟ್‌ವೇರ್’ ಎಂದು ಊರಿನಲ್ಲಿ ಪ್ರತೀತಿ; ನಿಜದಲ್ಲಿ ಯಾವುದೋ ಕಂಪನಿಯ ಸಂಬಳದ ಲೆಕ್ಕ ಸರಿ ಬರುತ್ತಿದೆಯೇ ಎಂದು ಪರೀಕ್ಷಿಸುವ ಕೆಲಸ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆ ಎಂಬುದಕ್ಕೂ ಆ ಕೆಲಸಕ್ಕೂ ಸಂಬಂಧವಿಲ್ಲ. ಆದರೆ ನೆಂಟರಿಷ್ಟರ ಪಾಲಿಗೆ ಪ್ರಿಂಟರ್, ವೈಫೈ, ಸೆಟ್‌ಟಾಪ್ ಬಾಕ್ಸ್, ಆಧಾರ್ ತಿದ್ದುಪಡಿ ಎಲ್ಲ ಒಂದೇ ಇಲಾಖೆ. ಇಷ್ಟಾಗಿಯೂ ಅವನಿಗೆ ಲ್ಯಾಪ್‌ಟಾಪ್ ವಿಷಯ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನಾಗಿದ್ದರೆ ತೊಂದರೆ ಇಷ್ಟು ಬೆಳೆಯುತ್ತಿರಲಿಲ್ಲ.

ಪಿಯುಸಿ ಫಲಿತಾಂಶದ ದಿನದಿಂದ ಇಂಜಿನಿಯರಿಂಗ್ ಕಾಲೇಜಿನ ಮೊದಲ ಇಂಟರ್ನಲ್ಸ್‌ವರೆಗೆ ಇವನ ಸುಗ್ಗಿ. ಮದುವೆಯ ಊಟದ ಪಂಕ್ತಿಯಲ್ಲಾಗಲಿ, ಗೃಹಪ್ರವೇಶದ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಾಗಲಿ, ಇವನು ಕೂತ ಕಡೆ ಒಬ್ಬ ತಂದೆ ಬಂದು ಪಕ್ಕದಲ್ಲಿ ಕೂರುತ್ತಾನೆ. “ನಮ್ಮ ಹುಡುಗನಿಗೆ ಒಂದು ಲ್ಯಾಪ್‌ಟಾಪ್ ನೋಡ್ಬೇಕಿತ್ತಲ್ಲಪ್ಪ.” ನೆಂಟ ಹುಡುಗನ ಕಡೆ ತಿರುಗಿ, ಏನಕ್ಕೆ ಬೇಕೋ ಎನ್ನುತ್ತಾನೆ. ಉತ್ತರ ಯಾವಾಗಲೂ ಒಂದೇ: “ಕೋಡಿಂಗ್‌ಗೆ, ಮಾಮ.” ಕೋಡಿಂಗ್ ಕಲಿಯಲು ಸಾಧಾರಣ ಯಂತ್ರವೇ ಧಾರಾಳವಾಗಿ ಸಾಕೆಂದು ಇಬ್ಬರಿಗೂ ಗೊತ್ತು. ಸಾಲದು ಎಂದು ತಂದೆಯನ್ನು ಒಪ್ಪಿಸಬೇಕಾದದ್ದೂ ಇಬ್ಬರಿಗೂ ಗೊತ್ತು. ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಗೆರೆಯೇ ಮೂಡುವುದಿಲ್ಲ ಎಂಬ ವಾದ ಹುಟ್ಟುವುದು ಆ ಕ್ಷಣದಲ್ಲಿ. ಹುಡುಗನ ಮನಸ್ಸಿನಲ್ಲಿರುವುದು ಜಿಟಿಎ 6. ಆ ಆಟ ಘೋಷಣೆಯಾಗಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗೆ, ಯಾವ ಲ್ಯಾಪ್‌ಟಾಪಿಗೂ ಅಲ್ಲ. ದಿನವೂ ಆಡುವುದು ವ್ಯಾಲೊರಂಟ್. 2020ರಲ್ಲಿ ಬಂದ ಅದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲೂ ಓಡುತ್ತದೆ. ಈ ಎರಡು ಸಂಗತಿಗಳನ್ನು ನೆಂಟ ತಂದೆಯ ಮುಂದೆ ಎತ್ತುವುದಿಲ್ಲ.

ಬಜೆಟ್ಟಿನ ವಿಷಯದಲ್ಲಿ ಅವನದು ಐದು ಸಾವಿರದ ಸಿದ್ಧಾಂತ. ತಂದೆ ಐವತ್ತು ಎಂದರೆ ಮನಸ್ಸಿನಲ್ಲಿ ನಲವತ್ತೈದು ಇಟ್ಟುಕೊಂಡಿರುತ್ತಾನೆ, ತಾಯಿಯ ಬಳಿ ಇನ್ನೊಂದೈದು ಬೇರೆ ಇರುತ್ತದೆ. ನೆಂಟನಿಗೆ ಇವೆರಡೂ ತಿಳಿದಿರುತ್ತವೆ. 2025ರ ಬೆಲೆಯಲ್ಲಿ ಐವತ್ತಕ್ಕೆ ಆರ್‌ಟಿಎಕ್ಸ್ 2050 ಬರುತ್ತಿತ್ತು, ಅದು ಹೆಸರಿಗಷ್ಟೇ ಆರ್‌ಟಿಎಕ್ಸ್. ಐದು ಸೇರಿಸಿದರೆ 3050, ಆದರೆ ಅದರ ಮೆಮೊರಿ 4 ಜಿಬಿ. ಇನ್ನೈದು ಸೇರಿಸಿದರೆ 6 ಜಿಬಿಯ 3050. ಇಷ್ಟು ದೂರ ಬಂದವರು ಇನ್ನು ಸ್ವಲ್ಪ ಮುಂದೆ ಹೋದರೆ 4050, ಅದನ್ನು ದಾಟಿದರೆ 8 ಜಿಬಿಯ 4060. ಪ್ರತಿ ಮೆಟ್ಟಿಲಿನಲ್ಲೂ ಅವನ ಮಾತು ನಿಜ, ಅಲ್ಲಲ್ಲೇ ತಪ್ಪು ಹುಡುಕಲಾಗದು. ಮೇಲೆ ಹೋಗಿ ಕೆಳಗೆ ನೋಡಿದಾಗಲೇ ತಂದೆಗೆ ಒಂದು ಸ್ಕೂಟರಿನ ಬೆಲೆ ಕಾಣುವುದು. “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ” ಎಂದು ಆಗ ಅವನು ನೆನಪಿಸಿದರೆ, “ಸರಿ ಭಾವ, ಹಾಗಾದ್ರೆ ಅರವತ್ತರೊಳಗೇ ನೋಡೋಣ” ಎಂದು ನೆಂಟ ಒಪ್ಪುತ್ತಾನೆ. ಸಂಧಾನ ಶುರುವಾದದ್ದು ಐವತ್ತರಲ್ಲಿ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಮರೆತಿರುತ್ತದೆ.

ಇವನ ವಿದ್ಯೆಯ ತಿರುಳು ಇರುವುದು ವಾಟ್‌ನಲ್ಲಿ. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್‌ಗೆ ಎಷ್ಟು ವಿದ್ಯುತ್ ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ. 3050ಕ್ಕೆ ಆ ಮಿತಿ 35ರಿಂದ 80 ವಾಟ್. 4050, 4060ಗಳಿಗೆ 35ರಿಂದ 115. ತೆಳ್ಳಗಿನ, ಚೆಂದದ, ತಂದೆ ತಾಯಿಗೆ ಒಪ್ಪಿಗೆಯಾಗುವ ಯಂತ್ರದಲ್ಲಿ ಸಾಮಾನ್ಯವಾಗಿ ಕಡಿಮೆ ವಾಟ್ ಇರುತ್ತದೆ. ಹೆಚ್ಚು ವಾಟ್ ಬೇಕಾದರೆ ದಪ್ಪಗಿನದನ್ನೇ ಹೊರಬೇಕು. ಸ್ಟಿಕರ್ ಮಾತ್ರ ಎರಡರ ಮೇಲೂ ಒಂದೇ. ಇದನ್ನು ನೆಂಟ ಊಟದ ಎಲೆಯ ಮುಂದೆ ವಿವರಿಸುವ ಕ್ರಮ ಹೀಗೆ: “ಭಾವ, ಇಬ್ಬರೂ ಅದೇ ಅಡುಗೆ ಭಟ್ಟರೇ. ಒಬ್ಬರಿಗೆ ಮೂರು ಒಲೆ ಕೊಟ್ಟಿದ್ದಾರೆ, ಇನ್ನೊಬ್ಬರಿಗೆ ಒಂದೇ ಒಲೆ. ಸಾರು ಬರೋದ್ರೊಳಗೆ ಪಂಕ್ತಿ ಎದ್ದು ಹೋಗಿರುತ್ತೆ.” ಇದಕ್ಕಿಂತ ಸ್ಪಷ್ಟವಾದ ವಿವರಣೆ ಅಂಗಡಿಯಲ್ಲೂ ಸಿಗುವುದಿಲ್ಲ, ಜಾಹೀರಾತಿನಲ್ಲಂತೂ ಇಲ್ಲವೇ ಇಲ್ಲ. ವಿವರಣೆ ಅಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ಪಾಯಸ ಬರುವ ಹೊತ್ತಿಗೆ ಅವನು ಮಕ್ಸ್ ಸ್ವಿಚ್‌ಗೆ ಬಂದಿರುತ್ತಾನೆ, ಎದುರಿನವರು ಪಾಯಸಕ್ಕೆ ಮಾತ್ರ ತಲೆಯಾಡಿಸುತ್ತಿರುತ್ತಾರೆ.

ಉಳಿದ ಭಾಗಗಳ ಬಗ್ಗೆ ಅವನ ತೀರ್ಪುಗಳು ಚುಟುಕು. ಪ್ರೊಸೆಸರಿನ ಹೆಸರನ್ನು ನಂಬಬಾರದು: 2023ರ ಮಾದರಿಗಳಿಗೆ ಎಎಂಡಿ ಇಟ್ಟ ಸಂಖ್ಯೆಗಳಲ್ಲಿ ಮೊದಲ ಅಂಕಿ ಹೊಸದಿದ್ದರೂ ಒಳಗಿನ ವಿನ್ಯಾಸದ ವಯಸ್ಸು ತಿಳಿಯುವುದು ಮೂರನೆಯ ಅಂಕಿಯಿಂದ, 7535ರಲ್ಲಿ ಅದು 3, ಅಂದರೆ ಹಳೆಯ ಸರಕು. ರ‍್ಯಾಮ್ ಒಂದೇ 8 ಜಿಬಿ ಕಡ್ಡಿಯಾಗಿದ್ದರೆ ಜೊತೆಗೆ ಇನ್ನೊಂದನ್ನು ಹಾಕಿಸಲೇಬೇಕು. ಎರಡಿದ್ದರೆ ಆಟದ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಪರದೆ 144 ಹರ್ಟ್ಸ್ ಎಂದು ಕುಣಿಯುವ ಮೊದಲು ಬಣ್ಣ ನೋಡಬೇಕು. ಶೇಕಡಾ 45 ಎನ್‌ಟಿಎಸ್‌ಸಿ ಎಂದಿದ್ದರೆ ಆಟದ ಕಾಡೆಲ್ಲ ಬೇಸಿಗೆಯ ಚಿತ್ರದುರ್ಗ. ಬ್ಯಾಟರಿಯನ್ನು ನೆಚ್ಚಬಾರದು, ಪ್ಲಗ್ ಕಿತ್ತರೆ ವೇಗ ಇಳಿಯುತ್ತದೆ, ಆಟ ಆಡಿದರೆ ಒಂದೂವರೆ ಗಂಟೆಯೂ ಬಂದರೆ ಬಂತು. ಎರಡೂಕಾಲು ಕಿಲೋ ಯಂತ್ರ, ಅದರ ಮೇಲೆ ಅರ್ಧ ಕಿಲೋ ಚಾರ್ಜರ್, ಇವನ್ನು ಹೊತ್ತು ಬಸ್ಸಿನಲ್ಲಿ ಹೋಗುವವನು ಹುಡುಗನಾದ್ದರಿಂದ ಆ ಬಗ್ಗೆ ನೆಂಟನಿಗೆ ಅಭಿಪ್ರಾಯವಿಲ್ಲ.

ಅವನ ಪ್ರಧಾನ ಲಕ್ಷಣ ಕಾಯಿಸುವುದು. ಇದಕ್ಕೂ ಶಾಸ್ತ್ರಾಧಾರವಿದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಆರ್‌ಟಿಎಕ್ಸ್ 30ರ ಸರಣಿ ಬಂದದ್ದು 2021ರಲ್ಲಿ, 40ರದು 2023ರಲ್ಲಿ, 50ರದು 2025ರಲ್ಲಿ. ಹೊಸದು ಬಂದಾಗ ಹಳೆಯ ದಾಸ್ತಾನಿನ ಬೆಲೆ ಇಳಿಯುತ್ತದೆ, ಹಬ್ಬಕ್ಕೆ ಇನ್ನಷ್ಟು ಇಳಿಯುತ್ತದೆ, ಬ್ಯಾಂಕಿನ ಕಾರ್ಡಿದ್ದರೆ ಮತ್ತಷ್ಟು. ಆದ್ದರಿಂದ ಯಾವ ದಿನವೂ ಕೊಳ್ಳಲು ಸರಿಯಾದ ದಿನವಲ್ಲ. 2021ರಲ್ಲಿ ಚಿಪ್ ಕೊರತೆ ಮತ್ತು ಕ್ರಿಪ್ಟೊ ಗಣಿಗಾರಿಕೆಯಿಂದ ಗ್ರಾಫಿಕ್ಸ್ ಕಾರ್ಡುಗಳು ತುಟ್ಟಿಯಾದವು. 2025ರ ಕೊನೆಯಲ್ಲಿ ಎಐ ಕೇಂದ್ರಗಳ ಹಸಿವಿಗೆ ರ‍್ಯಾಮ್ ಬೆಲೆ ಜಿಗಿಯಿತು. ಕಾದವರೇ ಹೆಚ್ಚು ತೆತ್ತ ಈ ಎರಡು ಸಂದರ್ಭಗಳನ್ನು ಅವನು ಅಪವಾದ ಎಂದು ಕರೆಯುತ್ತಾನೆ.

ಕಾಯಿಸುವಿಕೆಯ ಪೂರ್ಣ ರೂಪ ಕಂಡದ್ದು 2023ರಲ್ಲಿ, ತುಮಕೂರಿನ ಒಂದು ಮನೆಯಲ್ಲಿ. ಹುಡುಗನ ತಂದೆ ಪತ್ರಿಕೆಗಳಿಗೆ ಆಗೀಗ ಬರೆಯುವ ಒಬ್ಬ ಗೃಹಸ್ಥ, ಹೆಸರು ಇಲ್ಲಿ ಅಪ್ರಸ್ತುತ. ನೆಂಟ ಅವನ ಹೆಂಡತಿಯ ಚಿಕ್ಕಪ್ಪನ ಮಗ. ಜೂನ್‌ನಲ್ಲಿ ಸಿಇಟಿ ಫಲಿತಾಂಶ ಬಂದಾಗ 58,000 ರೂಪಾಯಿಯ ಒಂದು 3050 ಯಂತ್ರ ಎಲ್ಲರಿಗೂ ಒಪ್ಪಿಗೆಯಾಗಿತ್ತು, ದುಡ್ಡೂ ಖಾತೆಯಲ್ಲಿತ್ತು. “ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನದ ಸೇಲ್ ಬರುತ್ತೆ ಭಾವ, ಸ್ವಲ್ಪ ಕಾಯೋಣ” ಎಂದ ನೆಂಟ. ಕಾದರು. ಜುಲೈ 18ಕ್ಕೆ ಅಧಿಕ ಶ್ರಾವಣ ಹಿಡಿಯಿತು. ಅಧಿಕ ಮಾಸದಲ್ಲಿ ಹೊಸ ವಸ್ತು ಮನೆಗೆ ತರಕೂಡದೆಂದು ಅಜ್ಜಿ ಪಂಚಾಂಗ ತೆಗೆದರು. ಅದು ಮುಗಿಯುವುದು ಆಗಸ್ಟ್ 16ಕ್ಕೆ, ಸೇಲ್ ಬಂದದ್ದು ಆಗಸ್ಟ್ ಮೊದಲ ವಾರಕ್ಕೆ. ಈ ಮಧ್ಯೆ ಆಗಸ್ಟ್ 3ರಂದು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದು ಅಧಿಸೂಚನೆ ಹೊರಡಿಸಿತು. ಆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫೋನ್ ಬಡಿದುಕೊಂಡಿತು. “ಭಾವ, ಈಗಲೇ ಆರ್ಡರ್ ಮಾಡ್ಬಿಡಿ. ನಾಳೆಯಿಂದ ಲ್ಯಾಪ್‌ಟಾಪೇ ಬರಲ್ಲ ದೇಶಕ್ಕೆ!” ಅಧಿಕ ಮಾಸವಲ್ಲಪ್ಪ ಎಂದದ್ದಕ್ಕೆ, “ಅಧಿಕ ಮಾಸಕ್ಕೆ ಲೈಸೆನ್ಸ್ ಬೇಡ ಭಾವ, ಇದಕ್ಕೆ ಬೇಕು” ಎಂಬ ಉತ್ತರ ಬಂತು. ಅಜ್ಜಿಯನ್ನು ಎಬ್ಬಿಸಿ ಒಪ್ಪಿಗೆ ಕೇಳುವುದೋ, ಎಬ್ಬಿಸದೆ ಕೊಂಡು ಆಮೇಲೆ ಬೈಸಿಕೊಳ್ಳುವುದೋ ಎಂದು ಗೃಹಸ್ಥ ಬೆಳಗಿನವರೆಗೆ ಯೋಚಿಸಿದ. ಮಾರನೆಯ ದಿನ ಸರ್ಕಾರ ಆ ಆದೇಶವನ್ನು ಅಕ್ಟೋಬರ್ 31ರವರೆಗೆ ಮುಂದೂಡಿತು. ನೆಂಟನ ದನಿ ಎಂದಿನ ಹದಕ್ಕೆ ಮರಳಿತು: “ಹಾಗಾದ್ರೆ ಅವಸರ ಏನಿಲ್ಲ. ದಸರಾ ಸೇಲ್ ನೋಡೇಬಿಡೋಣ.”

ಹಬ್ಬದ ಸೇಲ್ ಶುರುವಾದದ್ದು ಅಕ್ಟೋಬರ್ 8ಕ್ಕೆ. ಮಹಾಲಯ ಅಮಾವಾಸ್ಯೆ 14ಕ್ಕೆ. ಪಿತೃಪಕ್ಷದಲ್ಲಿ ಕೊಳ್ಳುವ ಮಾತನ್ನೇ ಎತ್ತಬಾರದೆಂದು ಅಜ್ಜಿ ಹೇಳಿಬಿಟ್ಟರು. ಕಾಲೇಜು ಅಷ್ಟರಲ್ಲಿ ಶುರುವಾಗಿ, ಹುಡುಗ ಸಿ ಭಾಷೆಯ ಪ್ರೋಗ್ರಾಮುಗಳನ್ನು ಕಾಗದದ ಮೇಲೆ ಬರೆದು ಫೋನಿನಲ್ಲಿ ಓಡಿಸಿ ನೋಡುತ್ತಿದ್ದ. ಅಜ್ಜಿಗೂ ನೆಂಟನಿಗೂ ಪರಸ್ಪರ ಮಾತುಕತೆ ಇರಲಿಲ್ಲ; ಆದರೂ ಒಬ್ಬರ ಪಂಚಾಂಗ ಬಿಟ್ಟುಕೊಟ್ಟ ದಿನಗಳನ್ನು ಇನ್ನೊಬ್ಬನ ಸೇಲ್ ಪಟ್ಟಿ ಹಿಡಿದುಕೊಳ್ಳುತ್ತಿತ್ತು. 3050 ಯಂತ್ರದ ದಾಸ್ತಾನು ತೀರಿಹೋಯಿತು. ನವರಾತ್ರಿಯ ನಡುವೆ, 72,000 ರೂಪಾಯಿಗೆ, 4050 ಇರುವ ಒಂದು ದಪ್ಪ ಯಂತ್ರ ಮನೆಗೆ ಬಂತು. ಅದು ಮೊದಲಿನದಕ್ಕಿಂತ ಎಷ್ಟೋ ಮೇಲು ಎಂಬುದು ನಿರ್ವಿವಾದ, ಹೇಳಲು ಕಷ್ಟವಾದರೂ ಹೇಳಬೇಕು.

ಈ ಮಾದರಿಯ ನೆಂಟನ ಸ್ವಂತ ಲ್ಯಾಪ್‌ಟಾಪ್ ಹತ್ತು ವರ್ಷ ಹಿಂದಿನದು. ಕೀಲು ಮುರಿದಿರುವುದರಿಂದ ಪರದೆಯನ್ನು ಗೋಡೆಗೆ ಒರಗಿಸಿಯೇ ತೆರೆಯಬೇಕು. ಹೊಸದು ಯಾಕೆ ತೆಗೆದುಕೊಳ್ಳಲಿಲ್ಲವೆಂದು ಕೇಳಿದರೆ ಬರುವ ಸರಣಿಯ ಹೆಸರು ಹೇಳುತ್ತಾನೆ. ಅವನ ಪಿಯುಸಿ ದಿನಗಳಲ್ಲಿ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕೇಳಿದಾಗ ಅಪ್ಪ ಮುಂದಿನ ವರ್ಷ ನೋಡೋಣ ಎಂದಿದ್ದರಂತೆ. ಬಸ್ ನಿಲ್ದಾಣದ ಹಿಂದಿನ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ವೈಸ್ ಸಿಟಿ ಆಡುತ್ತಿದ್ದ. ದುಡ್ಡು ಮುಗಿದ ಮೇಲೆ ಬೇರೆಯವರು ಆಡುವುದನ್ನು ಹಿಂದೆ ನಿಂತು ನೋಡುತ್ತಿದ್ದ. ಎಲ್ಲಿ ತಿರುಗಬೇಕು, ಯಾವ ಕಾರು ಕದಿಯಬೇಕು ಎಂದು ಅವರಿಗೆ ಹೇಳಿಕೊಡುತ್ತಿದ್ದ. ಪುಕ್ಕಟೆ ಸಲಹೆಯ ಅಭ್ಯಾಸ ಅಲ್ಲಿಂದ ಬಂದಿರಬೇಕು. ಸಂಬಳ ಬರತೊಡಗಿದಾಗ ತಂಗಿಯ ಮದುವೆ, ಆಮೇಲೆ ಮನೆ ಸಾಲ. ಇನ್ನೊಬ್ಬರ ಅರವತ್ತು ಸಾವಿರವನ್ನು ರಾತ್ರಿಯೆಲ್ಲ ಎಕ್ಸೆಲ್ ಪಟ್ಟಿಯಲ್ಲಿ ಕೂಡಿ ಕಳೆಯುವವನಿಗೆ ಆ ಪಟ್ಟಿ ಬೇಗ ಮುಗಿಯುವುದು ಬೇಡವಾಗಿರುತ್ತದೆ ಎಂದು ತೋರುತ್ತದೆ. ಇದು ಅವನ ಪರವಾಗಿ ಹೇಳಬಹುದಾದ ಮಾತು. ರಾತ್ರಿಯ ಫೋನ್ ಕರೆಗೆ ಇದು ಸಮಜಾಯಿಷಿಯಾಗದು.

ಕೊಳ್ಳುವಿಕೆಯ ಕೊನೆಯ ಘಟ್ಟ ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಟೌನ್‌ಹಾಲ್ ಬಳಿಯ ಸಾದರ ಪತ್ರಪ್ಪ ರಸ್ತೆ. ಎರಡನೆಯ ರ‍್ಯಾಮ್ ಕಡ್ಡಿಯನ್ನು ಅಲ್ಲೇ ಕೊಳ್ಳಬೇಕೆಂಬುದು ಅವನ ನಿಯಮ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಂದು ಇದಕ್ಕಾಗಿ ಅರ್ಧ ದಿನ ರಜೆ ಹಾಕುತ್ತಾನೆ. ಆ ಇಕ್ಕಟ್ಟಿನಲ್ಲಿ ಅವನು ಬೇರೆಯೇ ಮನುಷ್ಯ. ಹೆಗಲು ಅಗಲವಾಗುತ್ತದೆ, ಹಿಂದಿ ಸರಾಗವಾಗುತ್ತದೆ, ಇನ್ನೂರು ರೂಪಾಯಿ ಇಳಿಸಲು ಮೂರು ಅಂಗಡಿ ಹತ್ತಿ ಇಳಿಯುತ್ತಾನೆ, ಉಳಿದ ಇನ್ನೂರನ್ನು ಹುಡುಗನ ದೋಸೆಗೂ ಕಾಫಿಗೂ ತಾನೇ ಖರ್ಚು ಮಾಡುತ್ತಾನೆ. ಕಡ್ಡಿಯನ್ನು ಕೂರಿಸುವಾಗ ಅವನ ಕೈ ನೋಡುವಂತಿರುತ್ತದೆ; ಒಂದು ಸ್ಕ್ರೂ ಕೂಡ ಕೆಳಗೆ ಬೀಳುವುದಿಲ್ಲ, ಕ್ಲಿಪ್ ಒಂದೂ ಮುರಿಯುವುದಿಲ್ಲ. ತುಮಕೂರಿನ ಮನೆಗೆ ಅವನು ಆಯುಧ ಪೂಜೆಯ ದಿನವೇ ಬಂದ. ಕುಂಕುಮದ ಬಟ್ಟಲು ಹಿಡಿದ ಅಜ್ಜಿಗೂ ಅವನಿಗೂ ಮೊದಲ ಮಾತುಕತೆ ನಡೆದದ್ದು ಆಗ: “ಅಮ್ಮಾ, ಮುಚ್ಚಳದ ಮೇಲೆ ಎಷ್ಟು ಬೇಕಾದ್ರೂ ಇಡಿ, ಹಿಂದುಗಡೆ ಆ ಕಿಂಡಿ ಹತ್ರ ಮಾತ್ರ ಬೇಡ, ಫ್ಯಾನ್ ಎಳ್ಕೊಳ್ಳುತ್ತೆ.” ಅಜ್ಜಿ ಚಾರ್ಜರಿಗೆ ಇಟ್ಟರು.

ಮಾರಾಟದ ನಂತರದ ಸೇವೆ ಉಚಿತ, ಅನಿಯಮಿತ. ಆರು ತಿಂಗಳಿಗೊಮ್ಮೆ ಬ್ರಷ್ ತಂದು ಫ್ಯಾನಿನ ಧೂಳು ತೆಗೆಯುತ್ತಾನೆ, ವಾರಂಟಿ ಮುಗಿದ ಮೇಲೆ ಥರ್ಮಲ್ ಪೇಸ್ಟ್ ಬದಲಿಸುತ್ತಾನೆ, ಹಾಸಿಗೆಯ ಮೇಲಿಟ್ಟು ಆಡಬೇಡವೆಂದು ಪ್ರತಿ ಸಲವೂ ಹೇಳುತ್ತಾನೆ, ಖಾಲಿ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಲು ಬಿಡುವುದಿಲ್ಲ. ಇವುಗಳ ಜೊತೆಗೆ ಇನ್ನೊಂದು ಸೇವೆಯೂ ಉಂಟು. ವಾಪಸ್ ಕೊಡುವ ಅವಧಿ ಮುಗಿದ ಸ್ವಲ್ಪ ದಿನಕ್ಕೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಬರುತ್ತದೆ. ತುಮಕೂರಿನ ಮನೆಗೆ ಅದು ಬಂದದ್ದು ದೀಪಾವಳಿಯ ಹೊತ್ತಿಗೆ: “ಭಾವ, ಅದೇ ಮಾಡೆಲ್ ಈಗ 3,000 ಕಮ್ಮಿ ಆಗಿದೆ. ಸುಮ್ನೆ ಮಾಹಿತಿಗೆ.” ಕೆಳಗೆ ಹಣತೆಯ ಚಿತ್ರ, ಶುಭಾಶಯ. ಗೃಹಸ್ಥ ಶುಭಾಶಯಕ್ಕೆ ಮಾತ್ರ ಉತ್ತರಿಸಿದ.