ಸಿ-ಡ್ರೈವಿನ ಚಕ್ಕುಬಂದಿ: ದೇವರಮನೆ ಸೀಮೆಯ ಉಭಯವಾಸಿ ಗಣಕಗಳ ಕುರಿತೊಂದು ಜಿಜ್ಞಾಸೆ

ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಿ ಕಾಲಭೈರವೇಶ್ವರ ನೆಲೆಸಿರುವುದು ಸರ್ವವಿದಿತ. ಕಾಲಭೈರವ ಕ್ಷೇತ್ರಪಾಲ. ಅಂಥವನ ಗುಡ್ಡದ ಬುಡದಲ್ಲೇ ಇರುವ ಕಾಫಿ ತೋಟವೊಂದರ ಆಫೀಸು ರೂಮಿನಲ್ಲಿ ಹಾರ್ಡ್‌ಡಿಸ್ಕಿನ ಗಡಿ ಸರಿದದ್ದು ಹೇಗೆ ಎಂಬುದೇ ಪ್ರಸ್ತುತ ಪ್ರಬಂಧದ ವಸ್ತು. ಈ ಸೀಮೆಯಲ್ಲಿ ಒತ್ತುವರಿಯ ಬಗ್ಗೆ ಬರವಣಿಗೆಗೆ ಬರವಿಲ್ಲ. ಆದರೆ ಅದೆಲ್ಲ ಕಂದಾಯ, ಅರಣ್ಯ ಇಲಾಖೆಗಳ ಕಡತಗಳಲ್ಲೇ ಉಳಿದು ವಿದ್ವಾಂಸರ ಕೈಗೆ ಸಿಕ್ಕಿಲ್ಲ.

ತೋಟದ ಗಣಕದಲ್ಲಿದ್ದದ್ದು ವಿಂಡೋಸ್ 7. ರೈಟರು ಅದರಲ್ಲಿ ಆಳುಲೆಕ್ಕವನ್ನೂ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಅರ್ಜಿಗಳನ್ನೂ ಇಟ್ಟಿದ್ದರು. (ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ವಾದಿಸಿದ ತಾಲ್ಲೂಕಿದು, ಅರ್ಜಿಗಳಾದರೂ ಕನ್ನಡದಲ್ಲಿರುತ್ತವೆ.) ರಜೆಗೆ ಬಂದ ಸಾಹುಕಾರರ ಮಗ, ಇಂಜಿನಿಯರಿಂಗ್ ಓದುವವನು, ವಿಂಡೋಸ್ ಜೊತೆಗೇ ಉಬುಂಟು ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಗೆ ಜಾಗ ಮಾಡಲೆಂದು, ಡಿಸ್ಕು ಪಾಲು ಮಾಡುವ ಜಿಪಾರ್ಟೆಡ್ ತೆರೆದು ಸಿ-ಡ್ರೈವಿನ ಎಡಗಡಿಯನ್ನು ಬಲಕ್ಕೆ ತಳ್ಳಿದ. ಎಡವೇ ಏಕೆ ಎಂಬುದು ಚಿಂತ್ಯ. ಹೀಗೆ ಸರಿಸಿದರೆ ಗಣಕ ಏಳದೇ ಹೋದೀತೆಂದು ಜಿಪಾರ್ಟೆಡ್ ಎಚ್ಚರಿಸುತ್ತದೆ; ಅದನ್ನು ಓದದೆ ಓಕೆ ಒತ್ತುವುದು ಯುವಧರ್ಮ. ಗಂಟೆಗಟ್ಟಲೆ ದತ್ತಾಂಶ ಸರಿಯುತ್ತಿದ್ದರೂ ಆಷಾಢದ ಆ ಮಳೆಯಲ್ಲಿ ಕರೆಂಟು ಹೋಗಲಿಲ್ಲ. ದೈವಕೃಪೆ ಎಂದು ರೈಟರ ಮತ. ಪ್ರಬಂಧಕಾರನಿಗೂ ಬೇರೆ ವಿವರಣೆ ಸಿಕ್ಕಿಲ್ಲ.

ದುರಸ್ತಿ ಡಿವಿಡಿ ಹಾಕಿ ಎಬ್ಬಿಸಿದ ಮೇಲೆ ವಿಂಡೋಸ್ ಎದ್ದಿತೇನೋ ನಿಜ. ಆದರೆ ಪರದೆಯ ಮೇಲಿದ್ದ ಕಾಫಿ ಹೂವಿನ ಚಿತ್ರ ಮಾಯವಾಗಿ ಕಗ್ಗಪ್ಪು ಕವಿದಿತ್ತು. ಬಲಮೂಲೆಯಲ್ಲಿ ಸಣ್ಣಕ್ಷರದ ಷರಾ: ಈ ವಿಂಡೋಸ್ ಪ್ರತಿ ಅಸಲಿಯಲ್ಲ.

ಪೂರ್ವಪಕ್ಷ ಸಾಹುಕಾರರದ್ದು. ಬಿಟ್ಟಿ ಬಂದ ಉಬುಂಟುವನ್ನು ಪಕ್ಕದಲ್ಲಿ ಕೂರಿಸಿದ್ದಕ್ಕೆ ದುಡ್ಡು ಕೊಟ್ಟು ತಂದ ವಿಂಡೋಸ್ ಮುನಿಸಿಕೊಂಡಿದೆ, ಫೋನು ಮಾಡಿ ಸಮಾಧಾನ ಹೇಳಬೇಕು. ವಿಂಡೋಸ್ 7 ಅನ್ನು ಫೋನ್ ಮೂಲಕ ಸಕ್ರಿಯಗೊಳಿಸುವ ವಿಧಿಯಲ್ಲಿ ನಾವು 54 ಅಂಕಿ ಕೊಡಬೇಕಿತ್ತು, ಅತ್ತಲಿಂದ 48 ಅಂಕಿ ಪಡೆಯಬೇಕಿತ್ತು. ಸಿಗ್ನಲ್ ಸಿಗುವ ತಿರುವಿನಲ್ಲಿ ಜೀಪು ನಿಲ್ಲಿಸಿ, ಕೊಡೆ ಹಿಡಿದು, ರೈಟರು ಆಳುಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದರು. ಕೊನೆಯ ಆರು ಅಂಕಿ ಉಳಿದಿರುವಾಗ ಲೈನು ಕಟ್ಟಾಯಿತು. ಪೂರ್ವಪಕ್ಷ ಅಲ್ಲಿಗೇ ಬಿದ್ದುಹೋಯಿತು.

ಈಗ ಸಿದ್ಧಾಂತ. ವಿಂಡೋಸ್‌ಗಳಲ್ಲಿ 2001ರ ಎಕ್ಸ್‌ಪಿಯಿಂದ ಶುರುವಾದ ಈ ಸಕ್ರಿಯಗೊಳಿಸುವ ಪದ್ಧತಿ ನೋಡುವುದು ಯಂತ್ರದ ಬಿಡಿಭಾಗಗಳನ್ನು. ಸಿ-ಡ್ರೈವಿನ ವಿಸ್ತೀರ್ಣ ಅದಕ್ಕೆ ಬೇಕಿಲ್ಲ. ತಂಟೆ ಇರುವುದು ವಿಂಡೋಸ್‌ನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯ ಮೌಂಟೆಡ್ ಡಿವೈಸಸ್ ಎಂಬ ಪುಟದಲ್ಲಿ. ಹಳೆಯ ಎಂಬಿಆರ್ ಡಿಸ್ಕಿನಲ್ಲಿ ಸಿ ಎಂದರೆ ಯಾರು ಎಂಬುದಕ್ಕೆ ಅಲ್ಲಿ ಬರೀ 12 ಬೈಟಿನ ದಾಖಲೆ: ಡಿಸ್ಕಿನ ಗುರುತು 4 ಬೈಟು, ವಿಭಾಗ ಶುರುವಾಗುವ ಜಾಗ 8 ಬೈಟು. ಜಮೀನಿನ ಸರ್ವೆ ನಂಬರು ಮತ್ತು ಚಕ್ಕುಬಂದಿ ಎಂದುಕೊಳ್ಳಿ. ಬಲಗಡಿ ಎಷ್ಟು ಕುಗ್ಗಿದರೂ ತಕರಾರಿಲ್ಲ. ಎಡಗಡಿ ಸರಿಯಿತೋ, ವಿಂಡೋಸ್ ತನ್ನ ಮನೆಯನ್ನೇ ಗುರುತಿಸದೆ ಅದಕ್ಕೆ ಬೇರೆ ಅಕ್ಷರ ಹಚ್ಚುತ್ತದೆ. ಆಮೇಲೆ ಪರವಾನಗಿಯ ಕಡತಗಳನ್ನು ಸಿ-ಯಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಷರಾ ಬರೆಯುತ್ತದೆ. ಮಾಲೀಕ ಅಸಲಿ, ಪರವಾನಗಿ ಅಸಲಿ, ದಾಖಲೆ ಮಾತ್ರ ಹಳತು. ತಾಲ್ಲೂಕು ಕಚೇರಿ ಹತ್ತಿದವರಿಗೆ ಇದರಲ್ಲಿ ಹೊಸತೇನೂ ಕಾಣದು.

ಹೊಸ ಬಗೆಯ ಜಿಪಿಟಿ ಡಿಸ್ಕುಗಳಲ್ಲಾದರೋ ಪ್ರತಿ ವಿಭಾಗಕ್ಕೂ ತನ್ನದೇ ಗುರುತಿನ ಸಂಖ್ಯೆ ಇರುವುದರಿಂದ ಗಡಿ ಸರಿದರೂ ಹೆಸರು ಕೆಡುವುದಿಲ್ಲ. ವಿಂಡೋಸ್ 10ರ ಡಿಜಿಟಲ್ ಪರವಾನಗಿಯಂತೂ ಮುಖ್ಯವಾಗಿ ಮದರ್‌ಬೋರ್ಡನ್ನು ನೆಚ್ಚಿಕೊಂಡಿದೆ. ಪ್ರಬಂಧಕಾರನಿಗೆ ಇದು ಶೋಧಕ್ಷೇತ್ರದ ನಷ್ಟ.

ಮಗ ರಿಜಿಸ್ಟ್ರಿ ತೆರೆದು ಅಕ್ಷರಗಳನ್ನು ಅದಲುಬದಲು ಮಾಡಿ ಗಣಕ ಮರುಚಾಲೂ ಮಾಡಿದ. ಷರಾ ಅಳಿಯಿತು. ಆದರೆ ಡಿಸ್ಕಿನ ನಕ್ಷೆಯ ತಲೆಭಾಗದಲ್ಲಿ ಯಾರಿಗೂ ಹಂಚಿಕೆಯಾಗದ 1 ಎಂಬಿ ಜಾಗ ಸಾಹುಕಾರರ ಕಣ್ಣಿಗೆ ಬಿತ್ತು. ಅದು ಖರಾಬೋ ಗೋಮಾಳವೋ ಇನ್ನೂ ತೀರ್ಮಾನವಾಗಿಲ್ಲ. ಯಾವುದಕ್ಕೂ ಇರಲಿ ಎಂದು ರೈಟರಿಗೆ ಒತ್ತುವರಿ ಸಕ್ರಮದ ನಮೂನೆ 57 ತುಂಬಲು ಹೇಳಿದ್ದಾರೆ.