ಬಣ್ಣಕ್ಕಿಂತ ಮುಂಚಿನ ಕೆಲಸ

ಅಕ್ಕಾ, ಹಿತ್ತಿಲಲ್ಲಿರೋ ಆ ಮರದ ಬೀರುನ ಗುಜರಿಗೆ ಹಾಕ್ತೀರಂತೆ? ಬೇಡಿ ಅಕ್ಕಾ. ಒಂದ್ನಿಮಿಷ ಕಾಂಪೌಂಡ್ ಹತ್ರ ಬನ್ನಿ, ಹೇಳ್ತೀನಿ.

ಮೊದಲು ಅದು ಯಾವ ಮರ ಅಂತ ನೋಡಿ. ಬಾಗಿಲ ಒಳಮೈ ಸ್ವಲ್ಪ ಕೆರೆದರೆ ಗೊತ್ತಾಗುತ್ತೆ. ತೇಗವೋ ಬೀಟೆಯೋ ಆಗಿದ್ರೆ ಅದರ ಮೇಲೆ ಬಣ್ಣ ಬಳಿಯೋದಕ್ಕೆ ನನ್ನ ಮನಸ್ಸು ಒಪ್ಪಲ್ಲ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿ, ಬಟ್ಟೆ ಉಂಡೆಯಲ್ಲಿ ತೀಡಿ ತೀಡಿ ಮಾಡ್ತಾರಲ್ಲ, ಆ ಫ್ರೆಂಚ್ ಪಾಲಿಶೇ ಅದಕ್ಕೆ ಸರಿ. ಕಾಡುಮರ, ಪ್ಲೈವುಡ್ ಆದ್ರೆ ಧಾರಾಳವಾಗಿ ಬಣ್ಣ ಹಚ್ಚಿ.

ಹಳೇ ಆಯಿಲ್ ಪೇಂಟ್ ಇದ್ರೆ ಮಾತ್ರ ಒಣಗಿದ್ದನ್ನ ಹಾಗೇ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಲ್ಲಿ ಏನಿರುತ್ತೋ ಹೇಳೋಕಾಗಲ್ಲ. ವಾಟರ್ ಪೇಪರ್ ತಗೊಂಡು ನೀರು ಹಾಕ್ಕೊಂಡೇ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ಹತ್ರ ಬಿಡಬೇಡಿ.

ಈಗ ಎಲ್ಲರೂ ಹೇಳೋ ಚಾಕ್ ಪೇಂಟ್ ಬ್ರಿಟನ್ನಿನ ಆನಿ ಸ್ಲೋನ್ 1990ರಲ್ಲಿ ತಂದಿದ್ದು. ಉಜ್ಜದೇ ಬಳಿಯಬಹುದು ಅನ್ನೋದೇ ಅದರ ಹೆಚ್ಚುಗಾರಿಕೆ. ಆದ್ರೂ ಎಣ್ಣೆ ಜಿಡ್ಡು ತೆಗೀಲೇಬೇಕು. ಕೆಲವು ಮರದೊಳಗಿನ ಕಂದು ರಸ ಬಿಳಿ ಬಣ್ಣದ ಮೇಲೂ ಕಲೆಯಾಗಿ ಎದ್ದು ಬರುತ್ತೆ. ಅದನ್ನ ತಡೆಯೋದೂ ಅರಗೇ. ಬಣ್ಣಕ್ಕೆ ಮುಂಚೆ ತೆಳ್ಳಗೆ ಒಂದು ಕೋಟು ಕೊಟ್ಟುಬಿಡಿ.

ಬಿರುಕು ಬಿಟ್ಟ ಹಾಗೆ ಕಾಣೋ ಕ್ರ್ಯಾಕಲ್ ನನಗಂತೂ ಬಲು ಇಷ್ಟ. ಒಂದು ಬಣ್ಣ ಹಚ್ಚಿ ಪೂರ್ತಿ ಒಣಗಿಸಿ. ಅದರ ಮೇಲೆ ಮರಕ್ಕೆ ಹಾಕೋ ಬಿಳಿ ಗೋಂದು ಬಳೀರಿ. ಬೆರಳಿಟ್ಟರೆ ಅಂಟಬೇಕು, ಆದ್ರೆ ಬೆರಳಿಗೆ ಬರಬಾರದು. ಆ ಹದದಲ್ಲೇ ಬೇರೆ ಬಣ್ಣದ ಎಮಲ್ಷನ್ ಎಳೀರಿ. ಮೇಲಿನ ಬಣ್ಣ ಒಣಗ್ತಾ ಕುಗ್ಗುತ್ತೆ, ಕೆಳಗಿನ ಗೋಂದು ಜಾರುತ್ತೆ, ನೋಡ್ತಾ ನೋಡ್ತಾ ಬೇಸಿಗೆ ಕೆರೆಯಂಗಳದ ಹಾಗೆ ಸೀಳು ಬಿಡುತ್ತೆ. ಬ್ರಷ್ ಒಂದೇ ಸಲ ಎಳೀಬೇಕು, ಎಳೆದ ಜಾಗಕ್ಕೆ ತಿರುಗಿ ಹೋದ್ರೆ ಎಲ್ಲ ಕಲಸಿಹೋಗುತ್ತೆ. ದಪ್ಪ ಬಳಿದ್ರೆ ದೊಡ್ಡ ಬಿರುಕು, ತೆಳ್ಳಗೆ ಬಳಿದ್ರೆ ಸಣ್ಣದು.

ಸವೆದ ಹಾಗೆ ಕಾಣಬೇಕಾದ್ರೆ ಇನ್ನೂ ಸುಲಭ. ಎರಡನೇ ಬಣ್ಣಕ್ಕೆ ಮುಂಚೆ ಅಂಚಿಗೆ, ಹಿಡಿಕೆ ಸುತ್ತ ಮೇಣದ ಬತ್ತಿ ತಿಕ್ಕಿ. ಆಮೇಲೆ ಉಜ್ಜಿದ್ರೆ ಅಲ್ಲಷ್ಟೇ ಬಣ್ಣ ಬಿಟ್ಕೊಳ್ಳುತ್ತೆ. ಕೈ ನಿಜವಾಗಿ ತಾಗೋ ಕಡೆ ಮಾತ್ರ ಮಾಡಿ. ಎಲ್ಲ ಕಡೆ ಕೆರೆದಿಟ್ಟರೆ ಚೆನ್ನಾಗಿರಲ್ಲ.

ಮರಕ್ಕೆ ಬಣ್ಣ ಹಚ್ಚೋದನ್ನ ಕಲಿಯೋಕೆ ಪರದೇಶದ ಕಡೆ ಮಾತ್ರ ನೋಡಬೇಕಾಗಿಲ್ಲ ಅಕ್ಕಾ. ಕೊಪ್ಪಳದ ಹತ್ರ ಕಿನ್ನಾಳದ ಚಿತ್ರಗಾರರು ಮರದ ಗೊಂಬೆ ಮಾಡ್ತಾರಲ್ಲ, ಅವರ ಅರ್ಧ ಕೆಲಸ ಬಣ್ಣಕ್ಕೆ ಮುಂಚೆನೇ ಮುಗಿದಿರುತ್ತೆ. ಸೆಣಬಿನ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟಿನ ಜೊತೆ ಕಲಸಿದ ಕಿಟ್ಟದಿಂದ ಮರದ ಸಂದು ಮುಚ್ಚುತ್ತಾರೆ. ಅದರ ಮೇಲೆ ಹತ್ತಿಬಟ್ಟೆ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿಗೆ ಗೋಂದು ಬೆರೆಸಿ ಬಳೀತಾರೆ. ಇಷ್ಟಾದ ಮೇಲೇ ಬಣ್ಣದ ಬ್ರಷ್ಷಿಗೆ ಕೈ. ಆ ಗೊಂಬೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ತಳಕಟ್ಟು ಅಂದ್ರೆ ಏನು ಅಂತ ತಿಳಿಯುತ್ತೆ. ನಮ್ಮ ಬೀರು, ಸ್ಟೂಲಿಗೂ ಆ ತಾಳ್ಮೆನೇ ಬೇಕು.

ಮೊದಲು ಒಂದು ಹಲಗೆ ಚೂರಿನ ಮೇಲೆ ಮಾಡಿ ನೋಡಿ. ಗೋಂದು, ಬ್ರಷ್ಷು ನನ್ನ ಹತ್ರ ಇದೆ, ಕೊಡ್ತೀನಿ. ಚಾಕ್ ಪೇಂಟ್ ಆದ್ರೆ ಕೊನೇಗೆ ವ್ಯಾಕ್ಸ್ ತೀಡೋದು ಮರೀಬೇಡಿ. ಮುಟ್ಟಿದ್ರೆ ಒಣಗಿದ ಹಾಗಿದ್ರೂ ಅದು ಪೂರ್ತಿ ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು, ಅಲ್ಲೀವರೆಗೂ ಮೇಲೆ ಭಾರ ಇಡಬೇಡಿ.