ಭಾಷಣದ ಬದನೆಕಾಯಿ

ನೀತಿಯ ಬಗ್ಗೆ ಭಾಷಣ ಮಾಡೋರು ಸ್ವಂತ ಮಾತಿನಿಂದ ಶುರು ಮಾಡಿದ್ದನ್ನ ನೀವು ಯಾವತ್ತಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಮೈಕನ್ನು ಎರಡು ಸಲ ತಟ್ಟಿ, ವೇದಿಕೆ ಮೇಲಿನವರ ಹೆಸರನ್ನೆಲ್ಲ ಒಪ್ಪಿಸಿ, ಗಂಟಲು ಸರಿಮಾಡಿಕೊಂಡ ಮೇಲೆ ಬರೋದು ಯಾರೋ ತೀರಿಕೊಂಡ ದೊಡ್ಡವರ ಮಾತು. ಅದರಲ್ಲೊಂದು ಅನುಕೂಲವೂ ಉಂಟು. ತೀರಿಕೊಂಡವರು ಎದ್ದು ಬಂದು, 'ನಾನು ಹಾಗೆ ಅಂದೇ ಇಲ್ಲವಲ್ಲೋ ಮಹರಾಯ' ಅನ್ನೋದಿಲ್ಲ, ಅಲ್ವಾ?

ಯಾವ ಮಾತು ಯಾರ ತಲೆಗೆ ಅನ್ನೋದೂ ಹೆಚ್ಚುಕಡಿಮೆ ತೀರ್ಮಾನವಾಗಿಬಿಟ್ಟಿದೆ. ಗಂಭೀರವಾಗಿದ್ದರೆ ವಿವೇಕಾನಂದರು, ಇಲ್ಲವೇ ಗಾಂಧೀಜಿ. ಎದುರಿಗೆ ಹುಡುಗರು ಕೂತಿದ್ದರೆ ಅಬ್ದುಲ್ ಕಲಾಂ. ಸ್ವಲ್ಪ ಕುಟುಕೋ ಹಾಗಿದ್ದರೆ ಬೀಚಿ ಅಥವಾ ಕೈಲಾಸಂ. ಯಾರದೆಂದು ಪತ್ತೆಯಾಗದ ಮೂರು ಸಾಲು ಕೈಗೆ ಸಿಕ್ಕಿದರೆ ಸರ್ವಜ್ಞ ಇದ್ದೇ ಇದ್ದಾನೆ. ಕೊನೆಗೆ ಅವನ ಹೆಸರೊಂದು ಅಂಟಿಸಿದರೆ ಕೆಲಸ ಮುಗೀತು.

ನಮ್ಮ ಹೈಸ್ಕೂಲಿನಲ್ಲಿ ದಿನಾ ಬೆಳಿಗ್ಗೆ ಕಪ್ಪುಹಲಗೆ ಮೇಲೆ ಒಂದು ನುಡಿಮುತ್ತು ಬರೆಯೋ ಪದ್ಧತಿ ಇತ್ತು. ಸರದಿ ಪ್ರಕಾರ ಒಬ್ಬೊಬ್ಬರು ಬರೀಬೇಕು. ಒಂದು ದಿನ ಬಂದದ್ದು ಪ್ರಾರ್ಥನೆಗೆ ಯಾವತ್ತೂ ಹೊತ್ತಿಗೆ ಸರಿಯಾಗಿ ಬಾರದ ಹುಡುಗನ ಸರದಿ. ಅವನು ದುಂಡಗಿನ ಅಕ್ಷರದಲ್ಲಿ 'ನಿಧಾನವಾಗಿ ಬರುವವನೇ ದೂರ ಹೋಗುತ್ತಾನೆ' ಅಂತ ಬರೆದು, ಕೆಳಗೆ ಒಬ್ಬ ದೊಡ್ಡ ಸನ್ಯಾಸಿಗಳ ಹೆಸರು ಹಾಕಿಬಿಟ್ಟ. ಹೆಡ್ಮಾಸ್ತರು ಅದನ್ನು ಓದಿ, ತಲೆದೂಗಿ, ತಾಳ್ಮೆಯ ಮಹತ್ವದ ಮೇಲೆ ಮೊದಲ ಪೀರಿಯಡ್ಡು ಅರ್ಧ ಮುಗಿಯೋವರೆಗೂ ಮಾತಾಡಿದರು. ಲೆಕ್ಕದ ಟೆಸ್ಟು ತಪ್ಪಿತು. ಆ ಹುಡುಗನ ಮೇಲೆ ನಮಗೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ ಬಿಡಿ.

ಸರ್ವಜ್ಞನ ವಿಷಯಕ್ಕೆ ಬರೋಣ. ಅವನ ಹೆಸರಲ್ಲಿ ಊರೂರಿನ ಬಾಯಲ್ಲಿ ಓಡಾಡ್ತಿದ್ದ ತ್ರಿಪದಿಗಳನ್ನ ಹಿಡಿದು ಕೂರಿಸಿದವರು ಉತ್ತಂಗಿ ಚನ್ನಪ್ಪನವರು. ಅವರು ಬಾಸೆಲ್ ಮಿಷನ್ನಿನ ಪಾದ್ರಿ! ಓಲೆಗರಿ, ಕೈಬರಹ, ಹಳ್ಳಿಗರ ನೆನಪು, ಎಲ್ಲವನ್ನೂ ಜಾಲಾಡಿ 1924ರಲ್ಲಿ 'ಸರ್ವಜ್ಞನ ವಚನಗಳು' ತಂದರು. ಯೋಚನೆ ಮಾಡಿ, ಭಾನುವಾರ ಚರ್ಚಿನಲ್ಲಿ ಬೈಬಲ್ಲಿನ ಬೋಧನೆ, ವಾರದ ಮಿಕ್ಕ ದಿನ ಮುಲಾಜಿಲ್ಲದ ಒಬ್ಬ ಅಲೆಮಾರಿ ಜಂಗಮನ ಬೈಗುಳದ ಬೆನ್ನುಹತ್ತೋದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಇವತ್ತು ವೇದಿಕೆ ಮೇಲೆ ಸರ್ವಜ್ಞನ ಹೆಸರಲ್ಲಿ ಏನೇನೋ ಉದುರೋದನ್ನ ಕೇಳಿದರೆ ಆ ಪಾದ್ರಿಗಳು ಇನ್ನೊಂದು ಸಲ ಜರಡಿ ಹಿಡೀಬೇಕಿತ್ತು ಅನ್ನಿಸುತ್ತೆ.

ಸರ್ವಜ್ಞ ಅಂದ ಕೂಡಲೇ ತಿರುವಳ್ಳುವರ್ ನೆನಪಾಗದೆ ಇರ್ತಾರಾ? ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಅವರ ಪ್ರತಿಮೆ 1991ರಲ್ಲೇ ಬಂದು ನಿಂತಿತ್ತು. ನಿಂತದ್ದೇನೋ ಸರಿ, ಮುಸುಕು ತೆಗೆಯೋಕೆ 2009ರ ಆಗಸ್ಟ್ ಬರಬೇಕಾಯ್ತು. ಹದಿನೆಂಟು ವರ್ಷ! ಅದಾಗಿ ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ ಆಯ್ತು. ಅಲ್ಲಿಯವರು ಇಲ್ಲಿ, ಇಲ್ಲಿಯವನು ಅಲ್ಲಿ, ಒಳ್ಳೇ ಕೊಡುಕೊಳ್ಳುವಿಕೆ. ತಮಾಷೆ ಏನು ಗೊತ್ತಾ, ತಿರುವಳ್ಳುವರ್ ಬರೆದ ಕುರಳ್‌ನ 133 ಅಧ್ಯಾಯಗಳಲ್ಲಿ ಸೈರಣೆಗೇ ಒಂದು ಅಧ್ಯಾಯ ಇದೆ. ಬರೆದವರೇ ಹದಿನೆಂಟು ವರ್ಷ ಮುಸುಕಿನೊಳಗೆ ನಿಂತು ಅದನ್ನ ಆಚರಿಸಿ ತೋರಿಸಿದ ಹಾಗಾಯ್ತು.

ಅದೇ ಪುಸ್ತಕದಲ್ಲಿ ಪ್ರಯೋಜನವಿಲ್ಲದ ಮಾತು ಬೇಡ ಅಂತಲೂ ಒಂದು ಅಧ್ಯಾಯ ಇದೆ. ಅದರಲ್ಲೂ ಹತ್ತು ಕುರಳು. ಯಾವ ಭಾಷಣಕಾರರೂ ಅದರಿಂದ ಒಂದನ್ನೂ ಎತ್ತಿಕೊಂಡದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ನಾವು ಹರಟೆಯವರು ಕೂಡ ಆ ಪುಟವನ್ನ ಸ್ವಲ್ಪ ಬೇಗನೇ ತಿರುವಿ ಹಾಕ್ತೇವೆ ಅನ್ನಿ.

ಇನ್ನು ಬಸವಣ್ಣನವರ ಆ ಏಳು 'ಬೇಡ'ಗಳ ವಚನ. ಅದಿಲ್ಲದೆ ನಮ್ಮಲ್ಲಿ ನೀತಿಯ ಭಾಷಣ ಮುಂದಕ್ಕೇ ಹೋಗಲ್ಲ. ಎಲ್ಲರಿಗೂ ಬಾಯಿಪಾಠ, ಸಭಿಕರೂ ಒಳಗೊಳಗೇ ಜೊತೆಗೆ ಹೇಳಿಕೊಳ್ತಾರೆ. ನಾನು ಕಾಯೋದು ಮಾತ್ರ ಕೊನೆಯ ಎರಡಕ್ಕೆ. ತನ್ನನ್ನು ತಾನು ಹೊಗಳಿಕೊಳ್ಳೋದು ಬೇಡ, ಎದುರಿನವರನ್ನ ತೆಗಳೋದು ಬೇಡ ಅನ್ನೋವಂಥವು. ಭಾಷಣಕಾರರು ಅದನ್ನ ಕಂಚಿನ ಕಂಠದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು, ಮುಂದಿನ ವಾಕ್ಯದಲ್ಲೇ 'ನಾನು ಈ ಊರಿಗೆ ಏನೇನು ಮಾಡಿದೆ' ಅಂತ ಶುರುವಿಟ್ಟುಕೊಳ್ತಾರೆ. ಅದು ಮುಗಿದ ಮೇಲೆ 'ಹಿಂದಿದ್ದವರು ಏನೂ ಮಾಡಲಿಲ್ಲ' ಅನ್ನೋದು. ಆರನೇದೂ ಹೋಯ್ತು, ಏಳನೇದೂ ಹೋಯ್ತು, ಒಂದೇ ಉಸಿರಲ್ಲಿ! ಕಳ್ಳತನ, ಕೊಲೆ ಇವೆಲ್ಲ ವೇದಿಕೆ ಮೇಲೆ ಮಾಡೋಕಾಗಲ್ಲ, ಹಾಗಾಗಿ ಅಷ್ಟರಮಟ್ಟಿಗೆ ಬಚಾವು.

ಏಳು ಅಂದದ್ದಕ್ಕೆ ಇನ್ನೊಂದು ಏಳು ನೆನಪಾಯ್ತು. ಗಾಂಧೀಜಿಯ 'ಏಳು ಸಾಮಾಜಿಕ ಪಾತಕಗಳು' ಅಂತ ಶಾಲೆಯ ಗೋಡೆ ಮೇಲೆ ಬರೆಸಿರ್ತಾರಲ್ಲ, ತತ್ತ್ವವಿಲ್ಲದ ರಾಜಕೀಯ, ದುಡಿಮೆಯಿಲ್ಲದ ಸಂಪತ್ತು ಅಂತೆಲ್ಲ. ಅದು 1925ರ ಅಕ್ಟೋಬರ್ 22ರ 'ಯಂಗ್ ಇಂಡಿಯಾ'ದಲ್ಲಿ ಬಂತು. ಆದರೆ ಅವರು ಅದನ್ನ ತಮ್ಮದು ಅನ್ನಲೇ ಇಲ್ಲ. ಸ್ನೇಹಿತರೊಬ್ಬರು ಓದುಗರಿಗೆ ತಲುಪಿಸಿ ಅಂದಿದ್ದಾರೆ, ಬರೀ ತಲೆಯಲ್ಲಿಟ್ಟುಕೊಂಡರೆ ಸಾಲದು, ಎದೆಗಿಳಿಸಿಕೊಳ್ಳಿ ಅನ್ನೋದು ಅವರ ಅಪೇಕ್ಷೆ, ಅನ್ನೋ ಅರ್ಥದಲ್ಲಿ ಒಂದು ಮಾತು ಸೇರಿಸಿದ್ದರು. ಅದೇ ವರ್ಷ ಮಾರ್ಚಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಫ್ರೆಡರಿಕ್ ಲೂಯಿಸ್ ಡೊನಾಲ್ಡ್‌ಸನ್ ಅನ್ನೋ ಪಾದ್ರಿ ಇಂಥದೇ ಏಳನ್ನು ಬೋಧನೆಯಲ್ಲಿ ಹೇಳಿದ್ದರು. (ಮತ್ತೆ ಪಾದ್ರಿಗಳೇ ಬಂದರು ನೋಡಿ.) ಪಾಪ, ಅವರ ಹೆಸರು ಯಾವ ಗೋಡೆ ಮೇಲೂ ಇಲ್ಲ. ಎರವಲು ಒಡವೆ ಹಾಕಿಕೊಂಡು ಮದುವೆಗೆ ಬಂದವಳು ಬಾಗಿಲಲ್ಲೇ 'ಇದು ನಂದಲ್ಲ ಕಣ್ರೀ, ಪಕ್ಕದ ಮನೆಯವರದು' ಅಂದ ಹಾಗೆ ಗಾಂಧೀಜಿ ಹೇಳಿದ್ದರು. ನಾವು ಕೇಳಿಸಿಕೊಳ್ಳದೆ 'ನಿಮಗೇ ಒಪ್ಪುತ್ತೆ, ಇಟ್ಟುಕೊಳ್ಳಿ' ಅಂದೆವು.

ಸರಿ, ಹೇಳೋದೊಂದು ಮಾಡೋದೊಂದು ಅಂದಾಗ ಪುರಾಣದ ಬದನೆಕಾಯಿ ಬರಲೇಬೇಕು. ಕತೆ ನಿಮಗೆ ಗೊತ್ತೇ ಇದೆ. ಬದನೆಕಾಯಿ ತಿನ್ನಬಾರದು ಅಂತ ಪುರಾಣಿಕರು ಗುಡಿಯಲ್ಲಿ ಬಾಯಿತುಂಬ ಹೇಳಿದರು, ಕೇಳಿಸಿಕೊಂಡ ಹೆಂಡತಿ ಮನೆಗೆ ಬಂದು ತಂದಿಟ್ಟಿದ್ದನ್ನೆಲ್ಲ ಎಸೆದಳು, ಊಟಕ್ಕೆ ಕೂತ ಪುರಾಣಿಕರ ಮುಖ ಬಾಡಿತು. 'ಅದು ಪುರಾಣದ ಬದನೆಕಾಯಿ ಕಣೇ!' ನನಗೆ ಯಾವಾಗಲೂ ಕನಿಕರ ಆ ಹೆಂಡತಿ ಮೇಲೆ. ಇಡೀ ಸಭೆಯಲ್ಲಿ ಭಾಷಣವನ್ನ ನಿಜ ಅಂತ ನಂಬಿದವಳು ಅವಳೊಬ್ಬಳೇ, ಬೈಸಿಕೊಂಡವಳೂ ಅವಳೇ.

ಬದನೆಕಾಯಿಗೆ ಇಷ್ಟೊಂದು ಕೆಟ್ಟ ಹೆಸರು ಬರಬಾರದಿತ್ತು ಅಂತಲೂ ಒಮ್ಮೊಮ್ಮೆ ಅನ್ನಿಸುತ್ತೆ. ಉಡುಪಿ ಕಡೆ ಹೋಗಿ ಬದನೆಕಾಯಿ ತಿನ್ನಬಾರದು ಅಂತ ಹೇಳಿ ನೋಡೋಣ! ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳ ಅನ್ನೋ ಬದನೆಗೆ ಬೀಜ ಕೊಟ್ಟವರು ಯತಿ ವಾದಿರಾಜರೇ ಅಂತ ಅಲ್ಲಿ ನಂಬಿಕೆ. ಪರ್ಯಾಯದ ಹೊತ್ತಿಗೆ ಕೃಷ್ಣ ಮಠಕ್ಕೆ ಮಟ್ಟುವಿನವರು ಹೊರೆಕಾಣಿಕೆಯಾಗಿ ಗುಳ್ಳ ಹೊತ್ತು ತರ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ದುಂಡಗೆ, ತಿಳಿಹಸಿರು ಬಣ್ಣ, ಹುಳಿಗೆ ಬಿದ್ದರೆ ಕರಗಿಹೋಗುತ್ತೆ. ಒಂದು ಕಡೆ ಪುರಾಣಿಕರು ಬೈದ ಕಾಯಿ, ಇನ್ನೊಂದು ಕಡೆ ಯತಿಗಳೇ ಪ್ರಸಾದವಾಗಿ ಕೊಟ್ಟ ಕಾಯಿ. ನೀತಿ ಅನ್ನೋದು ಕೂಡ ಹೀಗೇ ಊರಿಂದೂರಿಗೆ ಸ್ವಲ್ಪ ಬೇರೆ ಬೇರೆ ಅಡುಗೆ ಆಗುತ್ತೆ ಅನ್ನಿ... ಇರಲಿ, ಎಲ್ಲೆಲ್ಲಿಗೋ ಹೋದೆ.

ನನ್ನ ಕೇಳಿದರೆ, ನೀತಿಯ ಭಾಷಣದಲ್ಲಿ ನಗಿಸೋ ಉಕ್ತಿ ಮೊದಲು ಭಾಷಣಕಾರನನ್ನೇ ಚಿವುಟಬೇಕು. ಬೀಚಿಯವರ ತಿಂಮ ನಮಗೆ ಇಷ್ಟ ಆಗೋದು ಅದಕ್ಕೇ ಅಲ್ವಾ? ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ ಮನುಷ್ಯ, ಯಾರ ಮೇಲೆ ಬೇಕಾದರೂ ಬೆರಳು ತೋರಿಸಬಹುದಿತ್ತು. ಆದರೆ ಎಡವಿ ಬೀಳೋದು ತಿಂಮ, ಪೆದ್ದನಾಗೋದೂ ತಿಂಮ. ನಾವು ಅವನನ್ನ ನೋಡಿ ನಗ್ತಾ ನಗ್ತಾ ಎಲ್ಲೋ ಒಂದು ಕಡೆ 'ಅರೆ, ಇದು ನಾನೇ' ಅಂತ ಸುಮ್ಮನಾಗ್ತೇವೆ. ಬೆರಳು ಬರೀ ಸಭಿಕರ ಕಡೆ ತಿರುಗಿದರೆ ಅವರು ನಗೋದೂ ಇಲ್ಲ, ತಿದ್ದಿಕೊಳ್ಳೋದೂ ಇಲ್ಲ, ಉಪ್ಪಿಟ್ಟು ಯಾವಾಗ ಕೊಡ್ತಾರೋ ಅಂತ ಹಿಂದಕ್ಕೆ ತಿರುಗಿ ನೋಡ್ತಾರೆ.

ದೊಡ್ಡ ಸಭೆಗಳಲ್ಲೂ ಇದೇ ಪಾಡು. 2019ರ ಜುಲೈ 5ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಸಂಗಂ ಕಾಲದ 'ಪುರನಾನೂರು'ವಿನಿಂದ ಒಂದು ಪದ್ಯ ಹೇಳಿದ್ದು ನೆನಪಿದೆಯಾ? ಪಿಸಿರಾಂದೈಯಾರ್ ಅನ್ನೋ ಕವಿ ಪಾಂಡ್ಯ ರಾಜನಿಗೆ ಹೇಳಿದ ಬುದ್ಧಿಮಾತು. ಕೊಯ್ದ ಬತ್ತವನ್ನ ತುತ್ತು ಕಟ್ಟಿ ಕೊಟ್ಟರೆ ಆನೆಗೆ ಸಣ್ಣ ಗದ್ದೆಯ ಬೆಳೆಯೂ ಬಹಳ ದಿನ ಬರುತ್ತೆ, ಆನೆಯೇ ಗದ್ದೆಗೆ ನುಗ್ಗಿದರೆ ಬಾಯಿಗೆ ಹೋಗೋದಕ್ಕಿಂತ ಕಾಲ್ತುಳಿತಕ್ಕೆ ಹಾಳಾಗೋದೇ ಹೆಚ್ಚು ಅನ್ನೋದು ತಾತ್ಪರ್ಯ. ತೆರಿಗೆ ವಸೂಲಿ ಮಾಡೋ ದೊರೆಗೆ ಇದಕ್ಕಿಂತ ಚಂದದ ನೀತಿಪಾಠ ಇದೆಯಾ? ನಿಜಕ್ಕೂ ಒಳ್ಳೇ ಆಯ್ಕೆ. ರಾಜನ ಮುಖದ ಮೇಲೇ ಹೇಳಿದ ಮಾತನ್ನ ಖಜಾನೆಯ ಬೀಗದ ಕೈ ಇರೋರೇ ಬಾಯಿಬಿಟ್ಟು ಹೇಳಿದ್ದು.

ಆದರೆ ಅದೇ ಭಾಷಣದಲ್ಲಿ ಪೆಟ್ರೋಲು, ಡೀಸೆಲ್ ಮೇಲೆ ಲೀಟರಿಗೆ ಒಂದು ರೂಪಾಯಿ ಸುಂಕ, ಇನ್ನೊಂದು ರೂಪಾಯಿ ರಸ್ತೆ ಸೆಸ್ ಏರಿತು. ಆನೆ ಗದ್ದೆಗೆ ಇಳೀತಾ, ಇಲ್ಲ ಬದುವಿನ ಮೇಲೇ ನಿಂತು ಸೊಂಡಿಲು ಚಾಚಿತಾ ಅಂತ ನಮ್ಮ ಬೀದಿಯ ಸ್ಕೂಟರಿನವರೆಲ್ಲ ವಾರಗಟ್ಟಲೆ ಜಗಳ ಆಡಿದರು. ನೀವೇನಂತೀರಿ, ಇಳೀತು ಅಂತೀರಾ?